ಮಿ ಸನ್‌ನಲ್ಲಿ ನಾನು ನೋಡಿದ ಚಾಮ್ ಗುಡಿಗಳು

ವಿಯೆಟ್ನಾಂಗೆ ಹೋಗಿ ಬಂದವರನ್ನು ಅಲ್ಲಿನ ಮಿ ಸನ್ ಎಂಬ ಹಳೆಯ ಗುಡಿಗಳ ತಾಣದ ಬಗ್ಗೆ ಕೇಳಿ ನೋಡಿ. ಹಿಂದೆ ಅಲ್ಲಿ ಚಂಪಾ ರಾಜ್ಯ ಆಳಿದ ಚಾಮ್ ಜನ ಕಟ್ಟಿದ್ದು ಅವು. "ಬರೀ ಹಾಳುಬಿದ್ದ ಗೋಡೆ ಮಾರಾಯ್ರೆ" ಎನ್ನುವವರೇ ಜಾಸ್ತಿ. ಸುಮ್ನೆ ಒಂದು ಸುತ್ತು ಹಾಕಿದರೆ ಹಾಗೇ ಅನಿಸುತ್ತದೆ. ಅದಕ್ಕೇ ನಾನು ಮೊದಲು ದಾ ನಾಂಗ್ ನಗರದ ಚಾಮ್ ಶಿಲ್ಪಗಳ ಮ್ಯೂಸಿಯಂಗೆ ಹೋದೆ. ಮಿ ಸನ್‌ನ ಒಳ್ಳೊಳ್ಳೆ ಶಿಲ್ಪಗಳು ಅಲ್ಲೇ ಇವೆ. ಒಂದು ಪೀಠದ ಸುತ್ತ ಋಷಿಗಳ ದಿನಚರಿ ಕೆತ್ತಿದ್ದಾರೆ. ಒಬ್ಬ ಪ್ರಾಣಿಗಳಿಗೆ ಉಪದೇಶ ಮಾಡುತ್ತಿದ್ದಾನೆ, ಇನ್ನೊಬ್ಬ ಹಾಯಾಗಿ ಮೈ ಒತ್ತಿಸಿಕೊಳ್ಳುತ್ತಿದ್ದಾನೆ!

ಹೊಯಿ ಆನ್ ಪಟ್ಟಣದಿಂದ ಮಿ ಸನ್‌ಗೆ ಸುಮಾರು 40 ಕಿ.ಮೀ. ಬೆಳಗಿನ ಜಾವವೇ ಹೊರಟೆ. ಸುತ್ತ ಗುಡ್ಡ, ನಡುವೆ ತಗ್ಗು. ಬಿಸಿಲೇರಿದರೆ ನಿಲ್ಲಲಾಗುವುದಿಲ್ಲ.

4ನೇ ಶತಮಾನದ ಕೊನೆಗೆ ಚಂಪಾದ ರಾಜ ಭದ್ರವರ್ಮ ಇಲ್ಲಿ ಶಿವನ ಗುಡಿ ಕಟ್ಟಿಸಿ ಭದ್ರೇಶ್ವರ ಎಂದು ಕರೆದ. ಅದು ಸುಟ್ಟುಹೋದ ಮೇಲೆ ಮುಂದೆ ಬಂದ ರಾಜ ಶಂಭುವರ್ಮ ಮತ್ತೆ ಕಟ್ಟಿಸಿ ತನ್ನ ಹೆಸರನ್ನೂ ಸೇರಿಸಿದ. ದೇವರು ಶಂಭುಭದ್ರೇಶ್ವರ ಆದ. ರಾಜರು ಎಲ್ಲಿದ್ದರೂ ರಾಜರೇ ಅಲ್ವಾ?

ಕಲ್ಲಿನ ಗುಡಿ ನೋಡಿ ಬೆಳೆದ ನನಗೆ ಇಲ್ಲಿನ ಇಟ್ಟಿಗೆಯೇ ಸೋಜಿಗ. ಗೋಡೆಗೆ ಮುಖ ತಾಗಿಸುವಷ್ಟು ಹತ್ತಿರ ನಿಂತೆ. ಎರಡು ಇಟ್ಟಿಗೆಗಳ ನಡುವೆ ಗಾರೆಯ ಗೆರೆಯೇ ಕಾಣಲಿಲ್ಲ. ಮರದ ಅಂಟು ಬಳಸಿದ್ದರು ಎನ್ನುವವರಿದ್ದಾರೆ, ವಾದ ಇನ್ನೂ ಮುಗಿದಿಲ್ಲ. ಗೋಡೆ ಎದ್ದ ಮೇಲೆ ಅದರ ಮೇಲೇ ಕೆತ್ತಿದ್ದು. ಹಾಗಾಗಿ ಬಳ್ಳಿಯೊಂದು ಒಂದು ಇಟ್ಟಿಗೆಯಲ್ಲಿ ಶುರುವಾಗಿ, ಸಂದು ದಾಟಿ, ಮೂರನೆಯದರಲ್ಲಿ ಸುರುಳಿ ಸುತ್ತುತ್ತದೆ. ದುರಸ್ತಿಗೆ ಹಾಕಿದ ಹೊಸ ಇಟ್ಟಿಗೆಯ ಮೇಲೆ ಪಾಚಿ ಹಿಡಿದಿದೆ, ಹಳೆಯದು ಇನ್ನೂ ಕೆಂಪಗಿದೆ. ಇಲ್ಲಿ ಗುಡಿಗಳ ಗುಂಪುಗಳನ್ನು ಎ, ಬಿ, ಸಿ ಎಂದು ಅಕ್ಷರಗಳಿಂದ ಕರೆಯುತ್ತಾರೆ. ಬಿ5 ಎಂಬ ಗುಡಿಯನ್ನು ಮಾತ್ರ ಬಿಡಬೇಡಿ. ದೇವರ ಸಾಮಾನು ಇಡುತ್ತಿದ್ದ ಉಗ್ರಾಣ ಅದು. ಸೂರು ದೋಣಿಯ ಹಾಗೆ ಬಾಗಿದೆ.

ಬಿ, ಸಿ, ಡಿ ಗುಂಪುಗಳಲ್ಲಿ ಫೋಟೊ ತೆಗೆದು ಚಾಮ್ ನೃತ್ಯ ನೋಡಲು ತಿರುಗಿಬಿಡುವವರೇ ಬಹಳ. ನಾನು ಎ ಗುಂಪಿನವರೆಗೂ ನಡೆದೆ. ಇಲ್ಲಿನ ಅತಿ ದೊಡ್ಡ ಗೋಪುರ ಎ1 ಇದ್ದದ್ದು ಅಲ್ಲೇ. 1969ರಲ್ಲಿ ಅಮೆರಿಕದ ಬಾಂಬುಗಳಿಗೆ ಅದು ಕುಸಿದುಬಿತ್ತು. ನಮ್ಮ ಪುರಾತತ್ವ ಇಲಾಖೆಯವರು ಎ, ಎಚ್, ಕೆ ಗುಂಪುಗಳ ದುರಸ್ತಿ ಮಾಡಿದ್ದಾರೆ. 2020ರಲ್ಲಿ ಅಲ್ಲಿ ಅವರಿಗೆ ಸಿಕ್ಕ 9ನೇ ಶತಮಾನದ ಮರಳುಗಲ್ಲಿನ ಶಿವಲಿಂಗಕ್ಕೆ ಒಂದು ಜೋಡಣೆಯೂ ಇಲ್ಲ. ಇಡೀ ಲಿಂಗ ಒಂದೇ ಕಲ್ಲು.