ಮೈಕ್ರೋವೇವ್‌ನಲ್ಲಿ ಹಸಿರು ಫಾಸ್ಫರ್ ತಯಾರಿಸುವುದು ಹೇಗೆ?

ಮೈಕ್ರೋವೇವ್‌ನಲ್ಲಿ ಫಾಸ್ಫರ್ (ಬೆಳಕು ಹೀರಿ ತಾನೇ ಬೆಳಗುವ ವಸ್ತು) ಮಾಡಹೊರಟವರು ಹೆಚ್ಚಾಗಿ ಕೆಡಿಸಿಕೊಳ್ಳುವುದು ಇದ್ದಿಲು ತುಂಬುವ ಹಂತದಲ್ಲಿ. ದೀಪ ಆರಿಸಿದ ಮೇಲೂ ಹಸಿರಾಗಿ ಬೆಳಗುವ ಸ್ಟ್ರಾಂಷಿಯಂ ಅಲ್ಯೂಮಿನೇಟ್ ತಯಾರಿಸುವ ಕ್ರಮ ಇಲ್ಲಿದೆ.

1. ತೂಕ: ಸ್ಟ್ರಾಂಷಿಯಂ ಕಾರ್ಬೊನೇಟ್ 0.716 ಗ್ರಾಂ, ನಯವಾದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿ 0.510, ಯುರೋಪಿಯಂ ಆಕ್ಸೈಡ್ 0.0088, ಡಿಸ್ಪ್ರೋಸಿಯಂ ಆಕ್ಸೈಡ್ 0.0187, ಬೋರಿಕ್ ಆಮ್ಲ 0.03. ಬೋರಿಕ್ ಆಮ್ಲ ಬೇಗ ಕರಗಿ ಕಣಗಳ ನಡುವೆ ಹರಿಯುವುದರಿಂದ ಕ್ರಿಯೆ ಚುರುಕಾಗುತ್ತದೆ, ಅದನ್ನು ಬಿಡಬೇಡಿ. ಯುರೋಪಿಯಂ ತೂಗಲು ತಕ್ಕಡಿ ಸೂಕ್ಷ್ಮವಾಗಿಲ್ಲದಿದ್ದರೆ ಎಲ್ಲವನ್ನೂ ಹತ್ತುಪಟ್ಟು ತೂಗಿ ಅರೆದು, ಹತ್ತನೇ ಒಂದು ಪಾಲು ಬಳಸಿ.

2. ಅಗೇಟ್ ಎಂಬ ಗಟ್ಟಿ ಕಲ್ಲಿನ ಕಲ್ಬತ್ತಿನಲ್ಲಿ ಅಸಿಟೋನ್ ಹಾಕಿ ಅರ್ಧ ಗಂಟೆ ಅರೆಯಿರಿ. ಪೂರ್ತಿ ಒಣಗಿಸಿ, ಉಳಿದ ಅಸಿಟೋನ್ ಒಲೆಯೊಳಗೆ ಹೊತ್ತಿಕೊಳ್ಳುತ್ತದೆ.

3. ಈ ಹಂತದಲ್ಲಿ ಅವಸರ ಬೇಡ. ಈ ಆಕ್ಸೈಡ್‌ಗಳು ತಣ್ಣಗಿರುವಾಗ 2.45 ಗಿಗಾಹರ್ಟ್ಸ್ ಅಲೆಗಳನ್ನು ಹೀರುವುದೇ ಅಪರೂಪ. ಮೊದಲು ಬಿಸಿಯಾಗುವುದು ಸುತ್ತಲಿನ ಇದ್ದಿಲು, ಅದರಿಂದ ಪುಡಿ. ಪುಡಿಯನ್ನು 10 ಮಿಲಿಲೀಟರಿನ ಅಲ್ಯೂಮಿನಾ ಮೂಸೆಗೆ ಹಾಕಿ ಮುಚ್ಚಳ ಸಡಿಲವಾಗಿ ಇಡಿ. ಕಾರ್ಬೊನೇಟ್ ಬಿಡುವ ಅನಿಲಕ್ಕೆ ದಾರಿ ಬೇಕು. ಇದನ್ನು 50 ಮಿಲಿಲೀಟರಿನ ಅಲ್ಯೂಮಿನಾ ಮೂಸೆಯ ನಡುಮಧ್ಯದಲ್ಲಿ ಕೂರಿಸಿ, ತಳಕ್ಕೂ ಸುತ್ತಲಿಗೂ ಸಣ್ಣ ಕಾಳಿನ ರೂಪದ ಸಕ್ರಿಯ ಇಂಗಾಲ (ಮೇಲೆ ಹೇಳಿದ ಇದ್ದಿಲು) ತುಂಬಿ. ಒಂದು ಪಕ್ಕ ತೆಳುವಾದರೆ ಆ ಪಕ್ಕದ ಪುಡಿ ಬೇಯುವುದಿಲ್ಲ. ಗ್ರಾಫೈಟ್ ಪುಡಿ ಬೇಡ, ಕಿಡಿ ಹಾರುತ್ತದೆ. ಇದೇ ಇಂಗಾಲ ಉರಿದು ಬರುವ ಕಾರ್ಬನ್ ಮೊನಾಕ್ಸೈಡ್ ಯುರೋಪಿಯಂ ಅನ್ನು ಮೂರರಿಂದ ಎರಡರ ವೇಲೆನ್ಸಿಗೆ ಇಳಿಸುತ್ತದೆ. ಹಸಿರು ಬರುವುದು ಅದರಿಂದಲೇ, ಹಾಗಾಗಿ ಇಂಗಾಲವನ್ನು ಪ್ರತಿ ಬಾರಿ ಹೊಸದಾಗಿ ತುಂಬಿ. ದೊಡ್ಡ ಮೂಸೆಯನ್ನೂ ಸಡಿಲವಾಗಿ ಮುಚ್ಚಿ, ಎಲ್ಲವನ್ನೂ ಅಲ್ಯೂಮಿನಾ ನಾರಿನ ಇಟ್ಟಿಗೆಗಳ ಗೂಡಿನಲ್ಲಿಡಿ. ಪಿಂಗಾಣಿ ಮೂಸೆ ಅಗ್ಗವೆಂದು ತರಬೇಡಿ, ಈ ಕಾವಿಗೆ ಅದು ಮೆತ್ತಗಾಗುತ್ತದೆ.

4. ಮೈಕ್ರೋವೇವ್ ಒಲೆ ಫ್ಯೂಮ್ ಹುಡ್‌ನೊಳಗೇ (ಅನಿಲಗಳನ್ನು ಹೊರಗೆಳೆಯುವ ಪ್ರಯೋಗಾಲಯದ ಗೂಡು) ಇರಲಿ. ಮೊನಾಕ್ಸೈಡ್ ವಿಷ, ಅದಕ್ಕೆ ವಾಸನೆಯೂ ಇಲ್ಲ. ಈ ಒಲೆಯಲ್ಲಿ ಮುಂದೆಂದೂ ಅಡುಗೆ ಸಲ್ಲದು. 1000 ವಾಟ್‌ನ ಒಲೆಯಾದರೆ ಮೊದಲು ಅರ್ಧ ಶಕ್ತಿಯಲ್ಲಿ 5 ನಿಮಿಷ, ಆಮೇಲೆ ಪೂರ್ಣ ಶಕ್ತಿಯಲ್ಲಿ 10ರಿಂದ 15 ನಿಮಿಷ ಕಾಯಿಸಿ. ಸಾಮಾನ್ಯ ಒಲೆಗಳಲ್ಲಿ ಅರ್ಧ ಶಕ್ತಿಯೆಂದರೆ ಪೂರ್ಣ ಶಕ್ತಿಯೇ ಆಗಾಗ ನಿಂತು ಹೊತ್ತಿಕೊಳ್ಳುವುದು. ಸಿಕ್ಕರೆ, ನಿಲ್ಲದೆ ಶಕ್ತಿಯನ್ನೇ ತಗ್ಗಿಸುವ ಇನ್ವರ್ಟರ್ ಮಾದರಿಯನ್ನೇ ಆರಿಸಿ.

5. ಪೂರ್ತಿ ತಣ್ಣಗಾಗುವವರೆಗೆ ಬಾಗಿಲು ಮುಟ್ಟಬೇಡಿ. ಬಿಸಿಯಲ್ಲೇ ತೆಗೆದರೆ ಇಂಗಾಲ ಹೊತ್ತುತ್ತದೆ, ಮೂಸೆ ಸೀಳುತ್ತದೆ, ಯುರೋಪಿಯಂ ಮತ್ತೆ ಉತ್ಕರ್ಷಣಗೊಂಡು ಮೂರರ ವೇಲೆನ್ಸಿಗೆ ಏರುತ್ತದೆ.

6. ಪುಡಿ ಮಾಡಿ 365 ನ್ಯಾನೋಮೀಟರ್ ದೀಪದಡಿ ಹಿಡಿಯಿರಿ. ಸುಮಾರು 520 ನ್ಯಾನೋಮೀಟರಿನ ಹಸಿರು ಕಂಡರೆ ಕೆಲಸ ಆಯಿತು. ಕೆಂಪು ಚುಕ್ಕೆಗಳಿದ್ದರೆ ಅಲ್ಲಿ ಅಪಕರ್ಷಣ (ಯುರೋಪಿಯಂ ಎರಡರ ವೇಲೆನ್ಸಿಗೆ ಇಳಿಯುವುದು) ಮುಗಿದಿಲ್ಲ. ಮತ್ತೆ ಅರೆದು, ಹೊಸ ಇಂಗಾಲದಲ್ಲಿ ಕಾಯಿಸಿ. ನೀರಿನಲ್ಲಿ ತೊಳೆಯಲೇಬೇಡಿ, ಸ್ಟ್ರಾಂಷಿಯಂ ಅಲ್ಯೂಮಿನೇಟ್ ನೀರು ತಾಗಿದರೆ ಒಡೆಯುತ್ತದೆ. ಬಿಗಿ ಮುಚ್ಚಳದ ಸೀಸೆಯಲ್ಲಿ ತೇವ ತಾಗದಂತೆ ಇಟ್ಟುಕೊಳ್ಳಿ.