ಎರಡು ಸ್ಟೌ, ಒಂದೇ ಸ್ಪೋಕ್ ಕೀ

ನಾನು, ನನ್ನ ಗೆಳೆಯ ಕಾರವಾರದಿಂದ ಮಂಗಳೂರಿಗೆ ಸೈಕಲ್ ಹತ್ತಿದ್ದು ಒಂದು ಜನವರಿಯಲ್ಲಿ. ಇದು ಎರಡನೇ ದಿನದ ಕತೆ. ಗೋಕರ್ಣದಿಂದ ಮರವಂತೆಗೆ, ಹೆಚ್ಚುಕಮ್ಮಿ 110 ಕಿ.ಮೀ.

ಉತ್ತರದಿಂದ ದಕ್ಷಿಣಕ್ಕೆ ಹೊರಟಿದ್ದು ಬೇಕಂತಲೇ. ಚಳಿಗಾಲದಲ್ಲಿ ಈ ಕರಾವಳಿಯಲ್ಲಿ ಮಧ್ಯಾಹ್ನದ ಕಡಲಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಸುಸ್ತಾಗುವ ಹೊತ್ತಿಗೆ ಸರಿಯಾಗಿ ಬೆನ್ನಿಗೆ ಸಿಗುತ್ತದೆ. ಎದುರಿನಿಂದ ಬಂದರೆ ಅದೇ ಗಾಳಿ ಜೀವ ತಿನ್ನುತ್ತದೆ. ನಷ್ಟ ಅಂದರೆ, ಎಡಬದಿಯಲ್ಲಿ ಹೋಗುವ ನಮಗೆ ಕಡಲು ಯಾವಾಗಲೂ ಲಾರಿಗಳ ಆಚೆ ಕಡೆ.

ಗೋಕರ್ಣದಿಂದ ಹೆದ್ದಾರಿಗೆ ವಾಪಸ್ ಹೋಗದೆ ತದಡಿಗೆ ಇಳಿದೆವು. ಅಲ್ಲಿ ಅಘನಾಶಿನಿ ನದಿ ದಾಟಿದರೆ ಅದೇ ಹೆಸರಿನ ಊರು. ಅಲ್ಲಿಂದ ಒಳರಸ್ತೆಯಲ್ಲೇ ಕುಮಟಾ. ಸೈಕಲ್ಲುಗಳನ್ನು ಸಾಮಾನು ಸಮೇತ ಎತ್ತಿ ದೋಣಿಗೆ ಹಾಕುವಾಗಲೇ ನನಗೆ ಅರ್ಥವಾಗಬೇಕಿತ್ತು. ಇಬ್ಬರು ಹಿಡಿದರೂ ನನ್ನ ಸೈಕಲ್ಲಿನ ಹಿಂಭಾಗ ಮೇಲೇಳಲಿಲ್ಲ. ದೋಣಿಯವನು ಬಂದು ಕೈ ಕೊಟ್ಟ, ಏನೂ ಹೇಳಲಿಲ್ಲ. ಕ್ಯಾರಿಯರ್ ಮೇಲೆ 19 ಕಿಲೋ ಇತ್ತು. ಮುಂದೆ ಸೊನ್ನೆ.

ಕುಮಟಾದಲ್ಲಿ ಬನ್ಸು, ಚಹಾ. ಹೊನ್ನಾವರದ ಶರಾವತಿ ಸೇತುವೆ ಮೇಲೆ ಹತ್ತು ನಿಮಿಷ ನಿಂತೆವು. ಅಲ್ಲಿಂದ ಗೆಳೆಯ ಮುಂದೆ ಹೋದ. ಅವನ ಕಾಲು ನನಗಿಂತ ಜೋರು. "ಮುರ್ಡೇಶ್ವರದ ಕ್ರಾಸ್ ಹತ್ರ ಸಿಗ್ತೀನಿ ಮಗಾ" ಅಂದ. ನಾನು ಹೂಂ ಅಂದೆ.

ಮಂಕಿ ದಾಟಿ ಒಂದು ಇಳಿಜಾರಿನಲ್ಲಿ ಹಿಂದಿನಿಂದ ಟಣ್ ಅಂತ ಸದ್ದು. ಮೊದಲು ಕಲ್ಲು ಸಿಡಿಯಿತೇನೋ ಅಂದುಕೊಂಡೆ. ನಾಲ್ಕು ಸುತ್ತು ಹೋಗುವಷ್ಟರಲ್ಲಿ ರಿಮ್ಮು ಬ್ರೇಕಿಗೆ ಸರ್ ಸರ್ ಅಂತ ಉಜ್ಜತೊಡಗಿತು. ಇಳಿದು ನೋಡಿದರೆ ಹಿಂದಿನ ಚಕ್ರದಲ್ಲಿ ಒಂದು ಕಡ್ಡಿ ಮುರಿದು ಜೋತಾಡುತ್ತಿದೆ. ಅದೂ ಫ್ರೀವೀಲ್ ಕಡೆಯದು, ಅಂದರೆ ಚೈನು ಕೂರುವ ಹಲ್ಲುಚಕ್ರ ಇರುವ ಬಲಗಡೆಯದು.

ಹೆಚ್ಚಾಗಿ ಆ ಕಡೆಯದೇ ಮುರಿಯುವುದಕ್ಕೆ ಕಾರಣ ಇದೆ. ಗೇರಿಗೆ ಜಾಗ ಬಿಡಬೇಕು, ಹಾಗಾಗಿ ಹಬ್ಬಿನ, ಅಂದರೆ ಚಕ್ರದ ನಡುಭಾಗದ, ಬಲಗಡೆ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತಿರುತ್ತವೆ. ರಿಮ್ ಮಧ್ಯದಲ್ಲಿ ನಿಲ್ಲಬೇಕು ಅಂದರೆ ಅವನ್ನು ಎಡಗಡೆಗಿಂತ ಜಾಸ್ತಿ ಬಿಗಿ ಮಾಡಲೇಬೇಕು. ಅದರ ಮೇಲೆ ನನ್ನ 19 ಕಿಲೋ.

ದಾರಿಯಲ್ಲಿ ತಾತ್ಕಾಲಿಕವಾಗಿ ಸರಿ ಮಾಡುವುದು ಕಷ್ಟವಲ್ಲ. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ ಬಿಡಬೇಕು. ಅದರ ಎಡಕ್ಕೂ ಬಲಕ್ಕೂ ಇರುವ ಎರಡು ಕಡ್ಡಿ ಚಕ್ರದ ಇನ್ನೊಂದು ಬದಿಯವು, ರಿಮ್ಮನ್ನು ಆ ಬದಿಗೆ ಎಳೆಯುವವು. ಅವು ರಿಮ್ಮಿಗೆ ಸೇರುವಲ್ಲಿರುವ ತಿರುಪು, ಅಂದರೆ ನಿಪ್ಪಲ್ ಅನ್ನು ಅರ್ಧ ಸುತ್ತು ಸಡಿಲ ಮಾಡಿ, ಚಕ್ರ ತಿರುಗಿಸಿ ನೋಡಿ, ಬೇಕಾದರೆ ಇನ್ನು ಕಾಲು ಸುತ್ತು. ರಿಮ್ಮು ಬ್ರೇಕಿಗೆ ತಾಗದಿದ್ದರೆ ಸಾಕು. ಐದು ನಿಮಿಷದ ಕೆಲಸ.

ನಿಪ್ಪಲ್ ತಿರುಗಿಸುವ ಸ್ಪೋಕ್ ಕೀ ಇದ್ದರೆ.

ಅದು ಗೆಳೆಯನ ಬ್ಯಾಗಿನಲ್ಲಿತ್ತು. ಗೆಳೆಯ ಎಷ್ಟೋ ಕಿಲೋಮೀಟರ್ ಮುಂದೆ ಇದ್ದ. ಫೋನ್ ಕೂಡ ಅವನ ಬ್ಯಾಗಿನೊಳಗೇ ಇತ್ತು, ಸುಮ್ನೆ ರಿಂಗಾಗುತ್ತಿತ್ತು. ಮರದ ನೆರಳಲ್ಲಿ ಐವತ್ತು ನಿಮಿಷ ಕೂತೆ. ಅವನು ವಾಪಸ್ ಬಂದಾಗ ಬಾಯಲ್ಲಿ ಕಬ್ಬಿನ ಹಾಲಿನ ವಾಸನೆ. ಆ ಹೊತ್ತಿಗೆ ನನಗೆ ಬಂದ ಸಿಟ್ಟು ಇಲ್ಲಿ ಬರೆಯುವಂಥದ್ದಲ್ಲ.

ನಿಧಾನವಾಗಿ ಭಟ್ಕಳ ಸೇರಿ ಸೈಕಲ್ ಅಂಗಡಿ ಹುಡುಕಿದೆವು. ವಯಸ್ಸಾದ ಮೇಸ್ತ್ರಿ. ಹೊಸ ಕಡ್ಡಿ ಏರಿಸಲು ಮೊದಲು ಫ್ರೀವೀಲ್ ಬಿಚ್ಚಬೇಕು, ಇಲ್ಲದಿದ್ದರೆ ಹಬ್ಬಿನ ತೂತಿಗೆ ಕಡ್ಡಿ ತೂರುವುದೇ ಇಲ್ಲ. ಅದಕ್ಕೆ ಬೇಕಾದ ಪಾನಾ ನಮ್ಮಲ್ಲಿರಲಿಲ್ಲ, ಅವರಲ್ಲಿತ್ತು. ಕಟ್ಟಿನಿಂದ ಒಂದೊಂದೇ ಕಡ್ಡಿ ಎಳೆದು ನಮ್ಮ ಮುರಿದ ತುಂಡಿನ ಪಕ್ಕ ಹಿಡಿದು ಅಳೆದರು. ನಾಲ್ಕನೆಯದು ಸರಿಹೋಯಿತು. ಬೆಂಡ್ ತೆಗೆಯುವಾಗ ಕಣ್ಣಿಗಿಂತ ಕಿವಿಗೇ ಕೆಲಸ ಕೊಟ್ಟರು. ಉಗುರಲ್ಲಿ ಕಡ್ಡಿ ಮೀಟಿ ಸದ್ದು ಕೇಳುತ್ತಿದ್ದರು. ಕೊನೆಗೆ ನನ್ನ ಬ್ಯಾಗು ಎತ್ತಿ ನೋಡಿ, "ಸಂಸಾರ ಪೂರ್ತಿ ಹಿಂದೆ ಹಾಕ್ಕೊಂಡ್ ಬಂದಿದ್ದೀರಾ?" ಅಂದರು.

ಅಂಗಡಿ ಮೆಟ್ಟಿಲ ಮೇಲೇ ಎರಡೂ ಬ್ಯಾಗು ಸುರಿದೆವು. ಎರಡು ಗ್ಯಾಸ್ ಸ್ಟೌ. ಎರಡು ಪಾತ್ರೆ. ಎರಡು ಪಂಪು. ಇಬ್ಬರದೂ ಸೇರಿ ನಾಲ್ಕು ಕಿಲೋ ಅಕ್ಕಿ, ಹತ್ತು ಕಿಲೋಮೀಟರಿಗೊಂದು ಹೋಟೆಲ್ ಇರುವ ರಸ್ತೆಯಲ್ಲಿ! ನನ್ನದೊಂದು ಜೀನ್ಸ್ ಪ್ಯಾಂಟು, ಅದ್ಯಾಕೆ ತಂದಿದ್ದೆನೋ. ಜೊತೆಯಲ್ಲಿ ಹೊರಟಿದ್ದೆವು, ಆದರೆ ಕಟ್ಟಿದ್ದು ಒಬ್ಬೊಬ್ಬರೇ ಹೋಗುವವರ ಹಾಗೆ. ಎರಡು ಇರಬೇಕಾಗಿದ್ದ ಕೀ ಮಾತ್ರ ಒಂದೇ. ಗ್ಯಾಸ್ ಡಬ್ಬಿ ಬಿಟ್ಟು ಒಂದು ಸ್ಟೌ, ಪಾತ್ರೆ, ಜೀನ್ಸು ಇತ್ಯಾದಿ ಅಂಚೆ ಕಚೇರಿಯಿಂದ ಮನೆಗೆ ಪಾರ್ಸೆಲ್ ಹೋದವು. ಅಕ್ಕಿ ಮೇಸ್ತ್ರಿಗೆ. ಟೆಂಟು ನನ್ನ ಹ್ಯಾಂಡಲ್ ಮೇಲೆ ಬಂತು. ಇನ್ನು ನಿಧಾನ ಹೋಗುವವನು ಮುಂದೆ, ಪಾನಾ ಚೀಲ ಹಿಂದಿನವನ ಹತ್ತಿರ ಅಂತ ಮಾತಾಯಿತು. ಮುಂದಿನವನಿಗೆ ಏನಾದರೂ ಆದರೆ ಹಿಂದಿನವನು ಹೇಗಿದ್ದರೂ ಅಲ್ಲಿಗೇ ಬರುತ್ತಾನಲ್ವಾ?

ಶಿರೂರಿನಲ್ಲಿ ಉಡುಪಿ ಜಿಲ್ಲೆ ಶುರು. ಬೈಂದೂರಿಗೆ ಮುಂಚೆ ಒತ್ತಿನೆಣೆ ಗುಡ್ಡದ ಏರು. ಬೆಳಗಿನ ಭಾರದಲ್ಲಿ ಅದನ್ನು ತಳ್ಳಿಕೊಂಡೇ ಹತ್ತುತ್ತಿದ್ದೆ. ಈಗ ಕೂತೇ ಹತ್ತಿದೆ, ಸಣ್ಣ ಗೇರಿನಲ್ಲಿ. ಮುಂದೆ ಗಾಳಿ ತಳ್ಳಿತು.

ಮರವಂತೆಯಲ್ಲಿ ಹೆದ್ದಾರಿಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ನೋಡುವುದಕ್ಕೆ ಚೆಂದ, ಮಲಗುವುದಕ್ಕಲ್ಲ. ರಾತ್ರಿಯಿಡೀ ಲಾರಿ, ಟೆಂಟಿನೊಳಗೆಲ್ಲ ಮರಳು. ಅದಕ್ಕೇ ಸೂರ್ಯ ಮುಳುಗುವ ಮುಂಚೆಯೇ ಒಳರಸ್ತೆಗೆ ತಿರುಗಿ ಮನೆ ಹುಡುಕಿದೆವು. ಜಾಗ ಕೇಳುವುದಕ್ಕೆ ಐದೂವರೆ ಒಳ್ಳೆಯ ಹೊತ್ತು. ಕತ್ತಲಾದ ಮೇಲೆ ಯಾರಾದರೂ ಹೆದರುತ್ತಾರೆ. ಹೆಲ್ಮೆಟ್, ಕಪ್ಪು ಕನ್ನಡಕ ತೆಗೆದು ಗೇಟಿನ ಹೊರಗೇ ನಿಂತು ಮೊದಲು ನೀರು ಕೇಳಬೇಕು. ನೀರು ಕೊಡುವವರು ಮಾತಾಡಿಸಿಯೇ ಕೊಡುತ್ತಾರೆ.

"ಹ್ವಾಯ್, ಎಲ್ಲಿಗ್ ಹೋಪುದು?" ಅಂದರು ಆ ಮನೆಯ ಅಮ್ಮ. ಹೇಳಿದೆವು. ಟೆಂಟ್ ಹಾಕಲು ಜಾಗ ಸಿಕ್ಕಿತು. ತೋಟದಲ್ಲಿ ನೆರಳು ನೋಡಿ ಬಿಚ್ಚತೊಡಗಿದರೆ ಅವರು ಓಡಿ ಬಂದರು. "ಕಾಯಿ ಬಿದ್ರೆ ಎಂತ ಮಾಡ್ತ್ರಿ?" ತಲೆ ಎತ್ತಿ ನೋಡಿದೆ. ನೇರ ಮೇಲೆ ತೆಂಗಿನ ಗೊನೆ.

ಅಂಗಳಕ್ಕೆ ಬಂದೆವು. ಗಟ್ಟಿ ನೆಲ, ಗೂಟ ಇಳಿಯಲಿಲ್ಲ. ಒಂದು ಹಗ್ಗ ಸೈಕಲ್ಲಿಗೆ, ಇನ್ನೊಂದು ಮೂಲೆಯಲ್ಲಿದ್ದ ಹಳೇ ಒರಳು ಕಲ್ಲಿಗೆ ಕಟ್ಟಿದೆವು. ಉಳಿದಿದ್ದ ಒಂದೇ ಸ್ಟೌ ಕೂಡ ಹಚ್ಚಬೇಕಾಗಲಿಲ್ಲ, ಗಂಜಿ, ಉಪ್ಪಿನಕಾಯಿ ಒಳಗಿನಿಂದಲೇ ಬಂತು.

ಬೆಳಿಗ್ಗೆ ಟೆಂಟು ಇಬ್ಬನಿಗೆ ತೊಪ್ಪೆಯಾಗಿತ್ತು. ಒದ್ದೆ ಟೆಂಟು ಒಂದು ಕಿಲೋ ಜಾಸ್ತಿಯೇ ತೂಗುತ್ತದೆ. ಯಾರು ಹೊರುವುದು ಅಂತ ನಾನು ಬಾಯಿ ತೆಗೆಯುವ ಮುಂಚೆ ಗೆಳೆಯ ಅದನ್ನು ತನ್ನ ಹ್ಯಾಂಡಲ್ಲಿಗೆ ಕಟ್ಟಿಕೊಂಡ. ಪಾನಾ ಚೀಲ ನನ್ನ ಕಡೆ ಎಸೆದ.

"ನಿನ್ ಹತ್ರನೇ ಇರ್ಲಿ. ಮುಂದೆ ಬಿಟ್ರೂ ನೀನು ಹಿಂದೇನೇ ಬೀಳ್ತೀಯಾ."