ಚಿತ್ರಕ್ಕಿಂತ ಮೊದಲು ಗೆರೆ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮೂರಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. ಹೆಚ್ಚಿನವರು ಪ್ರೈಮರಿ ಶಾಲೆಯವರು. ಶುರುವಿನಲ್ಲಿ ಚಿತ್ರ ಬರೆಸುವುದಿಲ್ಲ, ಬರೀ ಗೆರೆ. ರಬ್ಬರೂ ಕೊಡುವುದಿಲ್ಲ. ರಬ್ಬರ್ ಕೈಗೆ ಸಿಕ್ಕರೆ ಬರೆಯುವುದಕ್ಕಿಂತ ಅಳಿಸುವುದೇ ಜಾಸ್ತಿ.

ಮೊದಲ ಪಾಠ ಅಂಗಳದಲ್ಲಿ. ಮಣ್ಣಿನ ಮೇಲೆ ಕೋಲಿನಿಂದ ಗೆರೆ ಎಳೆದು, ಅದರ ಮೇಲೇ ನಡೆಯಬೇಕು. ನೇರ ಗೆರೆ, ಅಂಕುಡೊಂಕು ಗೆರೆ, ಸುತ್ತಿ ಸುತ್ತಿ ಒಳಗೆ ಹೋಗುವ ಗೆರೆ. ಕಾಲಿಗೆ ತಿರುವು ಗೊತ್ತಾದರೆ ಕೈಗೂ ಬೇಗ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯೋ ಹಾಗಿಲ್ಲ ಅಲ್ವಾ, ಆಗ ಜಗಲಿಯಲ್ಲಿ ಹಗ್ಗ ಹಾಸುತ್ತೇನೆ.

ಆಮೇಲೆ ಅಡಿಕೆ. ಸುಲಿದ ಅಡಿಕೆಯನ್ನು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ಒಬ್ಬೊಬ್ಬರಿಗೆ ಒಂದೊಂದು. ಬಿಳಿ ತಿರುಳಿನೊಳಗೆ ಕಂದು ಗೆರೆಗಳು ಅಂಚಿನಿಂದ ನುಗ್ಗಿ, ಕವಲೊಡೆದು, ನಡುವೆ ಎಲ್ಲೋ ನಿಲ್ಲುತ್ತವೆ. ಅದನ್ನು ಇಡೀ ಹಾಳೆ ತುಂಬ ದೊಡ್ಡದಾಗಿ ಬರೆಯಬೇಕು. ತೋಟದ ಮನೆ ಮಕ್ಕಳೇ ಆದರೂ ಇಷ್ಟು ಹೊತ್ತು ಅಡಿಕೆ ನೋಡಿದವರಲ್ಲ. "ಟೀಚರ್, ಇವಳ ಹೋಳಿನ ಥರ ನಂದು ಇಲ್ಲ" ಎಂದಳು ಒಬ್ಬಳು. ಆ ಮಾತಿಗೇ ನಾನು ಕಾಯುತ್ತಿರುತ್ತೇನೆ. ಅಲ್ಲಿಂದ ವಿನ್ಯಾಸದ ಪಾಠ ಶುರು: ಇಲ್ಲಿ ಗೆರೆಗಳು ಮನಸ್ಸಿಗೆ ಬಂದ ಕಡೆ ಹೋಗಿವೆ, ಒಂದು ನಿಯಮ ಹಾಕಿ ಅದನ್ನೇ ಮತ್ತೆ ಮತ್ತೆ ಎಳೆದರೆ?

ಉದ್ದನೆ ಕಾಗದದ ಪಟ್ಟಿಯಲ್ಲಿ ಒಬ್ಬರು ಶುರು ಮಾಡುತ್ತಾರೆ. ಎರಡು ನೇರ, ಒಂದು ಓರೆ, ಒಂದು ಚುಕ್ಕಿ. ನಿಯಮ ಬಾಯಲ್ಲಿ ಹೇಳುವ ಹಾಗಿಲ್ಲ. ಪಕ್ಕದವರು ನೋಡಿ ಕಂಡುಹಿಡಿದು ಮುಂದುವರಿಸಬೇಕು. ಎಲ್ಲಿ ತಪ್ಪಿತು ಅಂತ ಕೊನೆಗೆ ಎಲ್ಲರೂ ಸೇರಿ ಹುಡುಕುತ್ತಾರೆ. ಗಣಿತದಲ್ಲಿ ಹಿಂದೆ ಇರುವ ಹುಡುಗರು ಇದರಲ್ಲಿ ಮುಂದೆ ಇರುವುದನ್ನು ಕಂಡಿದ್ದೇನೆ.

ಇಷ್ಟಾದ ಮೇಲೇ ಹಸೆ ಚಿತ್ತಾರ. ನಮ್ಮ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಗೆ ಗೋಡೆ ಮೇಲೆ, ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿ ಮೇಲೆ ಬರೆಯುವ ಕಲೆ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಕುಂಚಕ್ಕೆ ಪುಂಡಿ ಗಿಡದ ನಾರು. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಸೇರಿಸಿ ದಪ್ಪ ಕಾಗದಕ್ಕೆ ಬಳಿಯುತ್ತೇವೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರು ದೋಸೆಯ ಹಿಟ್ಟಿನ ಹದಕ್ಕೆ ತರುತ್ತೇವೆ. ಹಸಿ ಇದ್ದಾಗ ಗೆರೆ ಮಂಕಾಗಿ ಕಾಣುತ್ತದೆ. ಕಾಣ್ತಿಲ್ಲ ಅಂತ ಮಕ್ಕಳು ಮೇಲೆ ಮೇಲೆ ತಿದ್ದಿ ದಪ್ಪ ಮಾಡಿಬಿಡುತ್ತಾರೆ. ಸುಮ್ನೆ ಕೂತು ಒಣಗಲು ಬಿಟ್ಟರೆ ತಾನೇ ಬೆಳ್ಳಗಾಗುತ್ತದೆ.

ಒಮ್ಮೆ ಚಿತ್ತಾರ ಬರೆಯುವ ಅಜ್ಜಿಯನ್ನು ಕರೆದಿದ್ದೆ. ಅವರು ಸ್ಕೇಲ್ ಮುಟ್ಟಲೇ ಇಲ್ಲ. "ನಾರಿನ ತುದಿ ನೋಡ್ಬೇಡ ಮಗಾ, ಗೆರೆ ಎಲ್ಲಿಗೆ ಮುಟ್ಬೇಕೋ ಅಲ್ಲಿ ನೋಡು" ಎಂದರು. ಈಗ ಮೊದಲ ದಿನವೇ ಇದನ್ನು ಹೇಳಿಕೊಡುತ್ತೇನೆ.

ಮನೆಯಲ್ಲಿ ಮಾಡುವವರು ಹಿಟ್ಟನ್ನು ಅಂದಂದೇ ರುಬ್ಬಿಕೊಳ್ಳಿ, ಇಟ್ಟರೆ ಹುಳಿ ವಾಸನೆ ಬರುತ್ತದೆ. ಪುಂಡಿ ನಾರು ಸಿಗದಿದ್ದರೆ ತೆಂಗಿನ ಕಡ್ಡಿಯ ತುದಿ ಜಜ್ಜಿಕೊಂಡರೂ ನಡೆಯುತ್ತದೆ.